‘ಮೂಲ ಪ್ರಮಾಣಪತ್ರ’ ಅಂದರೆ ಯಾವ ಕಾಗದ? ಬ್ಯಾಟರಿ ಸಾಮಗ್ರಿ ಮತ್ತು ‘ಮೂಲ ದೇಶ’

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಬ್ಯಾಟರಿ ಸಾಮಗ್ರಿ ಆಮದು ಮಾಡುವವರಿಗೆಂದು ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಕಂಟ್ರಿ ಆಫ್ ಒರಿಜಿನ್‌ಗೆ ‘ಮೂಲ ದೇಶ’, ಸರ್ಟಿಫಿಕೇಟ್ ಆಫ್ ಒರಿಜಿನ್‌ಗೆ ‘ಮೂಲ ಪ್ರಮಾಣಪತ್ರ’, ರೂಲ್ಸ್ ಆಫ್ ಒರಿಜಿನ್‌ಗೆ ‘ಮೂಲ ನಿಯಮಗಳು’ ಎಂದು ಹಾಕಲಾಗಿದೆ. ಒಂದು ವಾಕ್ಯ ಹೀಗಿದೆ: “ಅದಿರು ಆಸ್ಟ್ರೇಲಿಯಾದ್ದಾದರೂ ಈ ಲಿಥಿಯಂ ಹೈಡ್ರಾಕ್ಸೈಡಿನ ಮೂಲ ದೇಶ ಚೀನಾ.” ಕರಡು ತಿದ್ದಿದವರು ‘ಚೀನಾ’ ಹೊಡೆದುಹಾಕಿ ‘ಆಸ್ಟ್ರೇಲಿಯಾ’ ಎಂದು ಬರೆದಿದ್ದಾರೆ. ತಪ್ಪು ವಾಕ್ಯದ್ದೋ ಪದದ್ದೋ? ‘ಗಣನೀಯ ಪರಿವರ್ತನೆ’ (ಸಬ್‌ಸ್ಟಾನ್ಷಿಯಲ್ ಟ್ರಾನ್ಸ್‌ಫರ್ಮೇಷನ್), ‘ಶೀರ್ಷಿಕೆ ಬದಲಾವಣೆ’ (ಚೇಂಜ್ ಇನ್ ಟ್ಯಾರಿಫ್ ಹೆಡಿಂಗ್) ಇವೆರಡಕ್ಕೂ ಒಳ್ಳೆಯ ಪದ ಇದ್ದರೆ ತಿಳಿಸಿ.

ಉತ್ತರ 1

ವಾಕ್ಯ ಸರಿ, ತಿದ್ದುಪಡಿ ತಪ್ಪು. ಆದರೆ ತಿದ್ದಿದವರನ್ನು ದೂರುವಂತಿಲ್ಲ, ದಾರಿ ತಪ್ಪಿಸಿದ್ದು ‘ಮೂಲ’. ಕನ್ನಡದಲ್ಲಿ ಮೂಲ ಎಂದರೆ ಬೇರು, ಮೊಟ್ಟಮೊದಲ ನೆಲೆ. ನದೀಮೂಲ ಹುಡುಕಲು ನೀರಿಗೆ ಎದುರಾಗಿ ಹತ್ತಿಕೊಂಡು ಹೋಗಬೇಕು. ಸುಂಕದವರ ಲೆಕ್ಕ ಇದಕ್ಕೆ ತದ್ವಿರುದ್ಧ: ಸರಕು ಕೊನೆಯದಾಗಿ ಎಲ್ಲಿ ನಿಜವಾಗಿ ಬೇರೆ ಸರಕಾಯಿತೋ ಆ ದೇಶ.

ನಿಮ್ಮ ಉದಾಹರಣೆಯನ್ನೇ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ಸ್ಪಾಡ್ಯುಮೀನ್ ಸಾರೀಕೃತ ಅದಿರಿನಲ್ಲಿ ಲಿಥಿಯಂ ಆಕ್ಸೈಡ್ ಇರುವುದು ಸುಮಾರು 6%. ಎಚ್‌ಎಸ್ ಕೋಡ್, ಅಂದರೆ ಸುಂಕಪಟ್ಟಿಯಲ್ಲಿ ಸರಕಿಗಿರುವ ಸಂಖ್ಯೆ, 2530. ಚೀನಾದಲ್ಲಿ ಅದನ್ನು 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸುಟ್ಟು, ಗಂಧಕಾಮ್ಲ ಹಾಕಿ ಮತ್ತೆ ಹುರಿದು, ನೀರಿನಲ್ಲಿ ಸೋಸಿ, ಕಾಸ್ಟಿಕ್ ಸೋಡಾದೊಂದಿಗೆ ವರ್ತಿಸುವಂತೆ ಮಾಡಿದ ಮೇಲೆ ಹೈಡ್ರಾಕ್ಸೈಡ್ ಹರಳು ಸಿಗುತ್ತದೆ. ಅದರ ಕೋಡ್ 2825. ಹೆಸರು ಬೇರೆ, ಗುಣ ಬೇರೆ, ಬಳಕೆ ಬೇರೆ. ಹಾಗಾಗಿ ಚೀನಾದ ಸರಕು. ಕಾಂಗೋದ ಕೋಬಾಲ್ಟ್ ಹೈಡ್ರಾಕ್ಸೈಡ್ (2822) ಚೀನಾದಲ್ಲಿ ಕೋಬಾಲ್ಟ್ ಸಲ್ಫೇಟ್ (2833) ಆದಾಗಲೂ ಹೀಗೆಯೇ.

ಎರಡನೆಯ ತೊಡಕು ಇನ್ನೂ ಕೆಟ್ಟದ್ದು. ‘ಮೂಲ ಪ್ರಮಾಣಪತ್ರ ಲಗತ್ತಿಸಿ’ ಎಂದರೆ ನಮ್ಮ ಯಾವ ಕಚೇರಿಯಲ್ಲಾದರೂ ಅರ್ಥ ಒಂದೇ: ಜೆರಾಕ್ಸ್ ಬೇಡ, ಅಸಲು ಪ್ರತಿ ತನ್ನಿ. ‘ಮೂಲ ನಿಯಮಗಳು’ ಎಂದರೆ ಬುನಾದಿಯ ನಿಯಮಗಳು. ‘ಮೂಲ ಸೀಮಾ ಸುಂಕ’ ಎಂದು ಬೇಸಿಕ್ ಡ್ಯೂಟಿಗೂ ಬರೆಯುತ್ತಾರೆ. ಒಂದೇ ಪುಟದಲ್ಲಿ ಈ ನಾಲ್ಕೂ ಬಂದರೆ ಓದುವವನ ಗತಿ ಏನು?

ನನ್ನ ಆಯ್ಕೆ ‘ಉತ್ಪತ್ತಿ’. ಉತ್ಪತ್ತಿ ದೇಶ, ಉತ್ಪತ್ತಿ ಪ್ರಮಾಣಪತ್ರ, ಉತ್ಪತ್ತಿ ನಿರ್ಣಯ ನಿಯಮಗಳು. ‘ತಯಾರಾದ ದೇಶ’ ಎಂದರೆ ಅದಿರಿಗೆ ಒಗ್ಗದು, ಅದಿರನ್ನು ಯಾರೂ ತಯಾರಿಸುವುದಿಲ್ಲ. ಉತ್ಪತ್ತಿ ಗಣಿಗೂ ಸಲ್ಲುತ್ತದೆ, ಹೊಲಕ್ಕೂ ಕಾರ್ಖಾನೆಗೂ ಸಲ್ಲುತ್ತದೆ. (ಹಳೆಯ ‘ಹುಟ್ಟುವಳಿ’ ನನಗಿನ್ನೂ ಇಷ್ಟ. ಆದರೆ ಈಗ ಓದುವವರು ಅದನ್ನು ಆದಾಯವೆಂದುಕೊಂಡಾರು.)

ಕೈಪಿಡಿಯಲ್ಲಿ ಇನ್ನೊಂದನ್ನೂ ಸರಿಪಡಿಸಿ. ವ್ಯಾಪಾರ ಒಪ್ಪಂದದಡಿ ಸುಂಕ ರಿಯಾಯಿತಿ ಕೇಳುವವರಿಗೆಂದು ಇರುವ ಕೇಂದ್ರದ 2020ರ ನಿಯಮಗಳಲ್ಲಿ, ಅಂದರೆ ಕಾರೊಟಾರ್‌ನಲ್ಲಿ, ಮೊದಲಿದ್ದ ‘ಸರ್ಟಿಫಿಕೇಟ್’ ಜಾಗಕ್ಕೆ 2025ರಲ್ಲಿ ‘ಪ್ರೂಫ್’ ಬಂದಿದೆ. ರಫ್ತುದಾರ ತಾನೇ ಬರೆದುಕೊಡುವ ಘೋಷಣೆಯನ್ನು ಒಪ್ಪುವ ಒಪ್ಪಂದಗಳಿಗೂ ಈ ಪದ ಹೊಂದುತ್ತದೆ. ಆದ್ದರಿಂದ ಸಾಮಾನ್ಯವಾಗಿ ಹೇಳುವಲ್ಲಿ ‘ಉತ್ಪತ್ತಿ ಪುರಾವೆ’ ಎನ್ನಿ. ಅಧಿಕೃತ ಸಂಸ್ಥೆಯ ಮೊಹರಿರುವ ಕಾಗದಕ್ಕೆ ಮಾತ್ರ ‘ಪ್ರಮಾಣಪತ್ರ’ ಇರಲಿ.

‘ಗಣನೀಯ ಪರಿವರ್ತನೆ’ಯಲ್ಲಿ ಪ್ರಮಾಣದ ವಾಸನೆ ಇದೆ, ಬಹಳಷ್ಟು ಕೆಲಸ ಮಾಡಿದರೆ ಸಾಕು ಎಂಬಂತೆ ಕೇಳಿಸುತ್ತದೆ. ಇಲ್ಲಿ ನೋಡುವುದು ದುಡಿಮೆ ಎಷ್ಟು ಎಂದಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1908ರಲ್ಲಿ ಕೇಳಿದ್ದು ಹೆಸರು, ಗುಣ, ಬಳಕೆಗಳಲ್ಲಿ ಹೊಸದೊಂದು ವಸ್ತು ಮೂಡಿತೇ ಎಂದು. ಅಲ್ಲಿ ಇಂದಿಗೂ ಕೇಳುವುದು ಇದನ್ನೇ. ಅದಕ್ಕೆ ‘ಸ್ವರೂಪ ಬದಲಾವಣೆ’ ಸಾಕು.

‘ಶೀರ್ಷಿಕೆ ಬದಲಾವಣೆ’ ಕೇಳಿದರೆ ಪತ್ರಿಕೆಯ ಡೆಸ್ಕಿನ ನೆನಪಾಗುತ್ತದೆ! ಸುಂಕಪಟ್ಟಿಯ ಕೋಡಿನಲ್ಲಿ ಮೊದಲ ಎರಡಂಕಿ ಅಧ್ಯಾಯ, ನಾಲ್ಕಂಕಿ ಹೆಡಿಂಗ್, ಆರಂಕಿ ಸಬ್‌ಹೆಡಿಂಗ್. ಆದ್ದರಿಂದ ‘ಎರಡಂಕಿ ಬದಲಾವಣೆ’, ‘ನಾಲ್ಕಂಕಿ ಬದಲಾವಣೆ’, ‘ಆರಂಕಿ ಬದಲಾವಣೆ’ ಎನ್ನಿ. ಓದುವವನು ಕೋಡ್ ಎದುರಿಗಿಟ್ಟುಕೊಂಡು ತಾನೇ ಪರೀಕ್ಷಿಸಬಹುದು. ಲಿಥಿಯಂ ಕಾರ್ಬೊನೇಟ್ (2836) ಹೈಡ್ರಾಕ್ಸೈಡ್ (2825) ಆದರೆ ನಾಲ್ಕಂಕಿ ಬದಲಾಯಿತು, ಎರಡಂಕಿ ಬದಲಾಗಲಿಲ್ಲ. ಕೈಗಾರಿಕಾ ದರ್ಜೆಯ ಕಾರ್ಬೊನೇಟನ್ನು ಬ್ಯಾಟರಿ ದರ್ಜೆಗೆ ಶುದ್ಧಿ ಮಾಡಿದರೆ ಮೊದಲೂ 283691, ಆಮೇಲೂ 283691.

ಉತ್ತರ 2

ಮೇಲಿನವರ ಮಾತಿಗೆ ಬಹುಪಾಲು ಒಪ್ಪಿಗೆ. ಆದರೆ ಒಂದು ತಕರಾರು: ಗೋದಾಮಿನಲ್ಲೂ ಕ್ಲಿಯರಿಂಗ್ ಏಜೆಂಟರ ಬಳಿಯೂ ಯಾರೂ ಉತ್ಪತ್ತಿ ಎನ್ನುವುದಿಲ್ಲ. “ಸಿಒಒ (ಸರ್ಟಿಫಿಕೇಟ್ ಆಫ್ ಒರಿಜಿನ್) ಬಂತಾ?”, “ಒರಿಜಿನ್ ಕೊರಿಯಾ ಹಾಕಿ” ಎಂದೇ ಮಾತು. ಕೈಪಿಡಿ ಅವರಿಗಾದರೆ ಮೊದಲ ಸಲ ‘ಉತ್ಪತ್ತಿ ದೇಶ, ಅಂದರೆ ಒರಿಜಿನ್’ ಎಂದು ಕೂಡಿಸಿ ಹೇಳಿಬಿಡಿ.

ಪದಕ್ಕಿಂತ ಹೆಚ್ಚು ಎಡವುವುದು ಮೂರು ದೇಶಗಳನ್ನು ಒಂದೇ ಮಾಡಿಬಿಡುವಲ್ಲಿ. ಉತ್ಪತ್ತಿ ದೇಶ, ಸರಕು ಹಡಗು ಹತ್ತಿದ ದೇಶ, ಇನ್‌ವಾಯ್ಸ್ ಬರೆದ ದೇಶ. ಚೀನಾದ ಕ್ಯಾಥೋಡ್ ಪುಡಿಗೆ ಹಾಂಗ್‌ಕಾಂಗ್ ವ್ಯಾಪಾರಿ ಬಿಲ್ ಬರೆದಿರುತ್ತಾನೆ, ಕಂಟೇನರ್ ಸಿಂಗಪುರದಲ್ಲಿ ಹಡಗು ಬದಲಿಸಿರುತ್ತದೆ. ಆಮದುದಾರ ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯ ಒರಿಜಿನ್ ಅಂಕಣದಲ್ಲಿ ಬರಬೇಕಾದ್ದು ಚೀನಾ ಒಂದೇ. ತೀರಾ ಅಗ್ಗಕ್ಕೆ ತಂದು ಸುರಿಯುವ ಸರಕಿನ ಮೇಲೆ ಹಾಕುವ ಆ್ಯಂಟಿ-ಡಂಪಿಂಗ್ ಸುಂಕದ ಅಧಿಸೂಚನೆಗಳ ಕೋಷ್ಟಕದಲ್ಲಿ ಉತ್ಪತ್ತಿ ದೇಶಕ್ಕೂ ರಫ್ತು ದೇಶಕ್ಕೂ ಬೇರೆಬೇರೆ ಅಂಕಣ ಇರುವುದೂ ಇದಕ್ಕೇ. ಅನುವಾದದಲ್ಲಿ ಎರಡಕ್ಕೂ ‘ಮೂಲ’ ಎಂದು ಸಾರಿಸಿಬಿಟ್ಟರೆ ಸುಂಕದ ದರವೇ ಬದಲಾದೀತು.

‘ಸ್ವರೂಪ ಬದಲಾವಣೆ’ ಮತ್ತು ‘ನಾಲ್ಕಂಕಿ ಬದಲಾವಣೆ’ ಒಂದೇ ಎಂದು ಮಾತ್ರ ಬರೆಯಬೇಡಿ. ಮೊಜಾಂಬಿಕ್‌ನ ಪದರು ಗ್ರಾಫೈಟನ್ನು ಅರೆದು, ಗುಂಡಗೆ ಮಾಡಿ, 99.95% ಶುದ್ಧಿಗೆ ತಂದರೂ ಲೇಪ ಕೊಡುವವರೆಗೆ ಅದು 2504ರಲ್ಲೇ ಉಳಿಯುತ್ತದೆ. ಕೆಲಸ ಬೆಟ್ಟದಷ್ಟು, ಅಂಕಿ ಅಲ್ಲಾಡಿಲ್ಲ. ಸೆಲ್‌ಗಳನ್ನು ಜೋಡಿಸಿ ಪ್ಯಾಕ್ ಮಾಡಿದರೂ ಅಷ್ಟೇ: ಸೆಲ್ 850760, ಪ್ಯಾಕ್ ಕೂಡ 850760. ಆಗ್ನೇಯ ಏಷ್ಯಾದ ದೇಶಗಳೊಂದಿಗೆ ಭಾರತಕ್ಕಿರುವ ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮ ಕೇಳುವುದು ಆರಂಕಿ ಬದಲಾವಣೆ ಮತ್ತು 35% ಪ್ರಾದೇಶಿಕ ಮೌಲ್ಯ, ಎರಡನ್ನೂ. ಆದ್ದರಿಂದ ಚೀನಾದ ಸೆಲ್ ತಂದು ಥಾಯ್ಲೆಂಡ್‌ನಲ್ಲಿ ಬರೀ ಪ್ಯಾಕ್ ಕಟ್ಟಿದರೆ, ಬೆಲೆ ಎಷ್ಟು ಏರಿದರೂ ಈ ನಿಯಮದಲ್ಲಿ ಥಾಯ್ ಸರಕಾಗದು.

ಆ 35%ಗೆ ‘ಮೌಲ್ಯವರ್ಧನೆ’ ಬೇಡ, ಅದು ಹಲಸಿನ ಚಿಪ್ಸ್ ತರಬೇತಿಯ ಪದವಾಗಿಬಿಟ್ಟಿದೆ. ‘ಪ್ರಾದೇಶಿಕ ಮೌಲ್ಯಾಂಶ’ ಇರಲಿ, ಪಕ್ಕದಲ್ಲೇ ಲೆಕ್ಕವನ್ನೂ ಕೊಡಿ. ಎಫ್‌ಒಬಿ ಬೆಲೆ (ಹಡಗಿಗೆ ಏರಿಸುವವರೆಗಿನ ಬೆಲೆ) 1,000 ಡಾಲರ್, ಒಪ್ಪಂದದ ಹೊರಗಿನ ದೇಶಗಳ ಸಾಮಗ್ರಿ 620 ಡಾಲರ್ ಆದರೆ ಮೌಲ್ಯಾಂಶ 38%, ಪಾಸು. ಹಳೆಯ ದರದ ಸಾಮಗ್ರಿಯಿಂದಲೇ ಮಾಡಿದ ಮುಂದಿನ ಖೇಪನ್ನು, ಲಿಥಿಯಂ ಬೆಲೆ ಕುಸಿದು, 900ಕ್ಕೆ ಮಾರಿದರೆ 280ನ್ನು 900ರಿಂದ ಭಾಗಿಸಿ: 31.1%. ಅದೇ ಕಾರ್ಖಾನೆ, ಅದೇ ಪುಡಿ, ಆದರೂ ರಿಯಾಯಿತಿ ಇಲ್ಲ. ಬೆಲೆ ಬಿತ್ತು ಎಂದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ. ಹಾಗಾಗಿ ವರ್ಷಕ್ಕೊಂದು ಲೆಕ್ಕಪಟ್ಟಿ ತರಿಸಿ ಸುಮ್ಮನಾಗದೆ ಖೇಪು ಖೇಪಿಗೂ ಕೇಳಿ ಪಡೆಯಬೇಕು.

ಕಾಗದ ಸಿಕ್ಕಿತೆಂದು ಹೊಣೆ ಇಳಿಯದು. ಕಸ್ಟಮ್ಸ್ ಕಾಯ್ದೆಯ 28ಡಿಎ ವಿಧಿಯ ಪ್ರಕಾರ, ಸರಕು ಹೇಗೆ ಆ ದೇಶದ್ದಾಯಿತೆಂಬ ಮಾಹಿತಿ ಆಮದುದಾರನ ಬಳಿ ಇರಬೇಕು. ಅಧಿಕಾರಿ ಕೇಳಿದರೆ 10 ಕೆಲಸದ ದಿನಗಳೊಳಗೆ ಒಪ್ಪಿಸಬೇಕು, ಕಡತವನ್ನು 5 ವರ್ಷ ಇಟ್ಟುಕೊಳ್ಳಬೇಕು. ಪೂರೈಕೆದಾರ ವೆಚ್ಚದ ವಿವರ ಗುಟ್ಟು ಎನ್ನುವುದು ಸಾಮಾನ್ಯ, ಖರೀದಿ ಕರಾರಿನಲ್ಲೇ ಅದನ್ನು ಕಟ್ಟಿಹಾಕಿಕೊಳ್ಳುವುದು ಲೇಸು. 2024ರ ಬಜೆಟ್ಟಿನಲ್ಲಿ ಲಿಥಿಯಂ ಸೇರಿ 25 ಖನಿಜಗಳಿಗೆ ಸುಂಕ ವಿನಾಯಿತಿ ಬಂದಿದೆ. ಆ ಪಟ್ಟಿಯಲ್ಲಿರುವ ಸರಕಿಗೆ ರಿಯಾಯಿತಿ ಕೇಳುವ ಗೋಜೇ ಇಲ್ಲ, ಆದರೂ ಒರಿಜಿನ್ ಅಂಕಣ ಸರಿಯಾಗಿ ತುಂಬಲೇಬೇಕು.

ಕಡೆಗೆ ‘ಹೋಲ್ಲಿ ಒಬ್ಟೇನ್ಡ್’. ಅದನ್ನು ‘ಸಂಪೂರ್ಣವಾಗಿ ಪಡೆದ’ ಎಂದರೆ ಯಾರು, ಯಾರಿಂದ ಪಡೆದರು? ‘ಪೂರ್ತಿ ಅಲ್ಲಿಯದೇ’ ಎಂದರೆ ಮುಗಿಯಿತು. ಗಣಿಯಿಂದ ತೆಗೆದ ಅದಿರು ಪೂರ್ತಿ ಅಲ್ಲಿಯದೇ. ಬಳಸಿ ಬಿಸಾಡಿದ, ಕಚ್ಚಾವಸ್ತು ಹಿಂಪಡೆಯಲಷ್ಟೇ ಲಾಯಕ್ಕಾದ ಸ್ಕ್ರ್ಯಾಪ್ ಕೂಡ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇದೇ ಗುಂಪಿಗೆ ಸೇರುತ್ತದೆ. ಚೀನಾದಲ್ಲಿ ಮಾಡಿದ ಸೆಲ್ ಕೊರಿಯಾದಲ್ಲಿ ಓಡಿ ಸವೆದು ಅಲ್ಲೇ ಗುಜರಿಗೆ ಬಿದ್ದರೆ, ಆ ಸ್ಕ್ರ್ಯಾಪ್ ಕೊರಿಯಾದ್ದು. ‘ಮೂಲ ದೇಶ ಕೊರಿಯಾ’ ಎಂದು ಬರೆದರೆ ನಿಮ್ಮ ಕರಡು ತಿದ್ದುವವರು ಮತ್ತೆ ಗೀಟು ಹಾಕುವುದು ಖಂಡಿತ.