ಸಮಸ್ಯೆ: "ಗಂಡನ ಬಸಿರಿಂದ ಪೆಂಡತಿ ಪೊರಗೆ ಬಂದಳ್"

ಸೀತಾಳೆದಂಡೆ: ಈ ವಾರದ ಸಮಸ್ಯೆ ಇದು, ಈ ಸಾಲೇ ಕೊನೆಗೆ ಬರೋ ಹಾಗೆ ಪದ್ಯ ಕಟ್ಬೇಕು. ಅರ್ಧನಾರೀಶ್ವರನ್ನ ಕರ್ಕೊಂಡು ಬಂದ್ರೆ ಒಪ್ಪಲ್ಲ, ಹೂವಿನ ಒಳಗೇ ಬಿಡಿಸ್ಬೇಕು.

ಮಲೆನಾಡ ಕಂದ:
ಕಂಡೆಂ ದಾಸಾಳದೊಳಾಂ
ದಂಡಂಬೋಲ್ ಕೂಡಿ ನಿಂದ ಕೇಸರಗಣಮಂ
ಚೆಂಡೈದಂ ತಲೆಗಿಟ್ಟಾ
ಗಂಡನ ಬಸಿರಿಂದ ಪೆಂಡತಿ ಪೊರಗೆ ಬಂದಳ್

ಪೂಜೆಗೆ ಕುಯ್ಯುವಾಗ ನೋಡಿ, ನಡುವಿನ ಕಡ್ಡಿ ಇದ್ಯಲ್ಲ ಅದು ಹೂವಿನ ಗಂಡು ಭಾಗವಾದ ಕೇಸರಗಳೇ ಅಂಟಿಕೊಂಡು ಆದ ಕೊಳವೆ, ಮೈತುಂಬ ಹಳದಿ ಪರಾಗದ ಚೀಲಗಳು, ಅದರೊಳಗಿಂದ ಹೆಣ್ಣು ಭಾಗದ ಶಲಾಕೆ ತೂರಿ ಬಂದು ತುದೀಲಿ ಐದು ಕೆಂಪು ಗುಂಡು ತೋರ್ಸತ್ತೆ.

ಸೀತಾಳೆದಂಡೆ: ಭೇಷ್.

ಶಕಟರೇಫ: ಪರಿಹಾರ ಸರಿ. ಆದ್ರೆ ಕಂಡೆಂ, ಗಣಮಂ ಅಂತ ಹಳಗನ್ನಡ ಹಿಡಿದು ಮಧ್ಯೆ "ದಾಸಾಳ" ಅಂತ ಸಂತೆ ಮಾತು ಯಾಕೆ ಸ್ವಾಮಿ? ದಾಸವಾಳಕ್ಕೆ ಸಂಸ್ಕೃತದ ಜಪೆ ಇದೆ, "ಕಂಡೆಂ ಜಪೆಯ ನಡುವೆ ನಾಂ" ಅಂದ್ರೆ ಮಾತ್ರೆಯೂ ಕೂರತ್ತೆ, ಗೌರವವೂ ಉಳಿಯತ್ತೆ.

ಮಲೆನಾಡ ಕಂದ: ಜಪೆ ಅಂದ್ರೆ ನಮ್ಮೂರಲ್ಲಿ ಯಾರೂ ಹೂ ಕೊಡಲ್ಲ, ಮಣೆ ಹಾಕಿ ಜಪಕ್ಕೆ ಕೂರಿಸ್ತಾರೆ. ಹೋದ ಯುಗಾದೀಲೂ ನನ್ನ ಪದ್ಯದ "ಮಿಡಿ" ನಿಮಗೆ ಸೇರ್ಲಿಲ್ಲ.

ಶಕಟರೇಫ: ಆಗ ಹೇಳಿದ್ದೂ ಸರೀನೇ. ಅಂದಹಾಗೆ ಸಮಸ್ಯೆ ಕೊಟ್ಟ ಪೃಚ್ಛಕರು ಬಸಿಱು, ಪೊಱಗೆ ಎರಡರಲ್ಲೂ ಹಳಗನ್ನಡದ ಅಕ್ಷರ ಱ ನುಂಗಿ ಬರೀ ರ ಹಾಕಿದ್ದಾರೆ, ಅದನ್ನ ಯಾರೂ ಕೇಳಲ್ಲ!

ಸೀತಾಳೆದಂಡೆ: ಕೀಬೋರ್ಡಲ್ಲಿ ಹುಡುಕ್ತಾ ಕೂತ್ರೆ ಸಮಸ್ಯೆ ಮುಂದಿನ ವಾರ ಬರ್ತಿತ್ತು.

ಬಾಟನಿ ಮೇಡಂ: ಱ ಇರ್ಲಿ, ನನ್ನ ತಕರಾರು "ಬಸಿರು". ದಾಸವಾಳನ ಉದ್ದಕ್ಕೆ ಬ್ಲೇಡಲ್ಲಿ ಸೀಳಿ ನೋಡಿ, ಅಂಡಾಶಯ ಬುಡದಲ್ಲಿ ಬಟ್ಟಲಿನೊಳಗೆ ಕೂತಿರತ್ತೆ, ಅದು ಹೆಂಡತೀದೇ. ಆ ಕೆಂಪು ಗುಂಡುಗಳಿಗೆ ಅಂಟಿದ ಪರಾಗದಿಂದ ನಳಿಕೆ ಅಷ್ಟುದ್ದ ಇಳಿದು ಅಲ್ಲಿಗೇ ಬರ್ಬೇಕು. ಗಂಡ ಬರೀ ಹೊದಿಕೆ.

ಮಲೆನಾಡ ಕಂದ: ಮೇಡಂ, ಹಳಗನ್ನಡದಲ್ಲಿ ಬಸಿಱು ಅಂದ್ರೆ ಹೊಟ್ಟೆ. ಹೊಟ್ಟೆಯೊಳಗಿಂದಾನೇ ಬಂದಿದ್ದಾಳೆ.

ಬಾಟನಿ ಮೇಡಂ: ಹಾಗಿದ್ರೆ ಸೂರ್ಯಕಾಂತಿ ಇನ್ನೂ ಚೆನ್ನಾಗಿ ಕೂರತ್ತೆ, ತಗೊಳ್ಳಿ:

ಮಂಡಲದೊಳ್ ಕಿರುಪೂವೊಳ್
ಮಂಡೆಯಿನೊತ್ತಿಯೆ ಪರಾಗಮಂ ಪೊರದೂಡಲ್
ಕಂಡುದು ಕವಲೆರಡೊಡೆಯಲ್
ಗಂಡನ ಬಸಿರಿಂದ ಪೆಂಡತಿ ಪೊರಗೆ ಬಂದಳ್

ಅದು ಒಂದು ಹೂವಲ್ಲ, ನೂರಾರು ಕಿರುಹೂಗಳ ತಟ್ಟೆ. ನಡುವಿನ ಪ್ರತಿ ಕಿರುಹೂವಲ್ಲೂ ಐದು ಪರಾಗಕೋಶ ಸೇರಿ ಕೊಳವೆ, ಶಲಾಕೆ ಒಳಗಿಂದ ಬೆಳೀತಾ ಪರಾಗನ ಮೇಲಕ್ಕೆ ತಳ್ಳತ್ತೆ, ಆಮೇಲೆ ತುದಿ ಎರಡಾಗಿ ಬಿರಿಯತ್ತೆ. ಮೊದಲು ಗಂಡಿನ ಸರದಿ, ಆಮೇಲೆ ಹೆಣ್ಣಿಂದು.

ಶಕಟರೇಫ: ಮಂಡಲ, ಮಂಡೆ, ಎರಡು ಪಾದಕ್ಕೂ ಅದೇ ಮಂಡ. ಪ್ರಾಸಕ್ಕೆ ಬಡತನ.

ಬಾಟನಿ ಮೇಡಂ: ಪೂರ್ತಿ ಪದ್ಯ ಒಂದು ಬರೀರಿ ಸರ್, ಆಮೇಲೆ ಮಾತಾಡೋಣ.

ಹೊಸಬ: ನಮ್ಮನೆ ಮುದ್ದೆ ದಾಸವಾಳದಲ್ಲಿ ಈ ಕಡ್ಡೀನೇ ಸರಿಯಾಗಿ ಕಾಣಲ್ವಲ್ಲ?

ಬಾಟನಿ ಮೇಡಂ: ಅದರಲ್ಲಿ ಕೇಸರಗಳೇ ಎಸಳಾಗಿಬಿಟ್ಟಿರತ್ತೆ. ಬೀಜ ಕಾಯಬೇಡಿ, ಗಿಡದ ಕಡ್ಡಿ ನೆಡಿ.

ಸೀತಾಳೆದಂಡೆ: ಈ ವಾರ ಮೇಡಂದು ಮೇಲು, ಕಂದಾಚಾರ್ರದ್ದು ಕೂದಲೆಳೆಯಷ್ಟು ಹಿಂದೆ. ಮುಂದಿನದು: "ಎಲೆಯಂ ಪೂವೆಂದು ಮುಡಿದಳಾ ನೀರೆ ವಲಂ"

ಮಲೆನಾಡ ಕಂದ: ಕಾಗದದ ಹೂವು. ಬಣ್ಣದ್ದೆಲ್ಲ ಎಲೆ, ನಡುವಿನ ಬಿಳಿ ಕೊಳವೆ ಹೂ. ಪದ್ಯ ರಾತ್ರಿ ಹಾಕ್ತೀನಿ, ಮೊದಲನೇ ಪದ್ಯದಲ್ಲಿ ದಾಸಾಳ ಹಾಗೇ ಇರತ್ತೆ.

ಶಕಟರೇಫ: ಇರ್ಲಿ, ನನ್ನ ಆಕ್ಷೇಪವೂ ಹಾಗೇ ಇರತ್ತೆ.