ದೊಡ್ಡಾಟವನ್ನು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹೇಗೆ ತರಲಿ?

ಸಿರುಗುಪ್ಪದ ಹುಡುಗಿ
ಬಳ್ಳಾರಿಯಲ್ಲಿ ನಾಟಕ ಓದುತ್ತಿದ್ದೇನೆ, ಇದೇ ಕೊನೆ ವರ್ಷ. ಮೇ ಒಳಗೆ ಒಂದು ಪ್ರದರ್ಶನ ಮಾಡಿ, ಜೊತೆಗೆ ವರದಿ ಕೊಡಬೇಕು. ನಮ್ಮೂರಲ್ಲಿ ‘ದ್ರೌಪದಿ ವಸ್ತ್ರಾಪಹರಣ’ ದೊಡ್ಡಾಟ, ಅಂದರೆ ಬೆಳಗಿನ ತನಕ ನಡೆಯುವ ಬಯಲಾಟ, ಆಡುತ್ತಾರೆ, ನಮ್ಮ ದೊಡ್ಡಪ್ಪನೇ ದುರ್ಯೋಧನ. ಅದನ್ನು ಮುಕ್ಕಾಲು ಗಂಟೆಗೆ ಇಳಿಸಿ, ಗೆಳೆಯರನ್ನು ಹಾಕಿಕೊಂಡು ರಾಘವ ಕಲಾಮಂದಿರದಲ್ಲಿ ಮಾಡಬೇಕು ಅಂತ ಆಸೆ. ಗೈಡ್ ಮಾತ್ರ “ದೊಡ್ಡದಾಯ್ತಲ್ಲಮ್ಮ” ಅಂದರು. ತೊಗಲು ಗೊಂಬೆ ಮಾಡು, ಸುಲಭ ಅಂತ ಗೆಳತಿ ಹೇಳುತ್ತಾಳೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಏನು ಮಾಡಲಿ?

ಕೊಪ್ಪಳದ ಪೇಟಿ ಮಾಸ್ತರ್
ತಂಗೀ, ವಿಷಯ ಬಿಡಬೇಡ, ಅಳತೆ ಕಡಿಮೆ ಮಾಡು. ದೊಡ್ಡಾಟವನ್ನು ಮುಕ್ಕಾಲು ಗಂಟೆಗೆ ಕತ್ತರಿಸಿದರೆ ಉಳಿಯುವುದು ಬರೀ ಕಥೆ. ಕಥೆ ಯಾರಿಗೆ ಗೊತ್ತಿಲ್ಲ? ಜನ ಬೆಳಗಿನ ತನಕ ಕೂರುವುದು ಪದಕ್ಕೆ, ಕುಣಿತಕ್ಕೆ, ವೇಷ ಬರುವ ಗತ್ತಿಗೆ. ದುರ್ಯೋಧನನ ಒಡ್ಡೋಲಗ, ಅಂದರೆ ದೊರೆ ಸಭೆಗೆ ಬರುವ ದೃಶ್ಯ, ಅದೊಂದನ್ನೇ ಹಿಡಿ. ಆಟ ನಡೆಸಿಕೊಡುವ ಸಾರಥಿ ಬಂದು ತಾವು ಯಾರು, ಯಾವ ಊರು ಅಂತ ಕೇಳುತ್ತಾನೆ. ದೊರೆ ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ, ಪದ ಹಾಡುತ್ತಾನೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ಕುಣಿತ. ಇಷ್ಟನ್ನು ನೆಟ್ಟಗೆ ಮಾಡಿದರೆ ಇಪ್ಪತ್ತು ನಿಮಿಷ ತುಂಬುತ್ತದೆ. ಪಾತ್ರ ಎರಡೇ. ಮದ್ದಳೆ, ತಾಳ, ಪೇಟಿ (ಹಾರ್ಮೋನಿಯಂ) ಸಾಕು. ಮುಖವೀಣೆ ಊದುವವರು ಸಿಕ್ಕರೆ ನಿನ್ನ ಪುಣ್ಯ.

ವರದಿಗೆ ತಾಲೀಮು ಬರೆ. ಸುಗ್ಗಿ ಮುಗಿದ ಮೇಲೆ, ರಾತ್ರಿ ಉಂಡು ಬಂದು ಗುಡಿ ಮುಂದೆ ಕಲಿಯುತ್ತಾರಲ್ಲ, ಅದು. ಒಂದು ಮಾತು: ನಿಮ್ಮ ಕಡೆ ತುಂಗಭದ್ರಾ ಕಾಲುವೆ ನೀರಿದೆ. ಎರಡನೇ ಬೆಳೆಗೆ ಭತ್ತ ಹಚ್ಚಿದರೆ ಯಾರೂ ಕೈಗೆ ಸಿಗುವುದಿಲ್ಲ. ತಾರೀಖು ಬರೆಯುವ ಮೊದಲು ದೊಡ್ಡಪ್ಪನನ್ನು ಕೇಳು.

ಪರದೆ ಹಿಂದಿನವಳು, ಬಳ್ಳಾರಿ
ಗೊಂಬೆ ಸುಲಭ ಅಂದವರು ಯಾರಮ್ಮ! ಕೊಪ್ಪಳ ಕಡೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಎಲ್ಲರ ಕಣ್ಣೂ ಗೊಂಬೆ ಮೇಲೆ. ಆ ಕೈ ಒಂದು ಸೆಮಿಸ್ಟರ್‌ನಲ್ಲಿ ಬರುವುದಿಲ್ಲ.

ನನ್ನ ತಕರಾರು ಬೇರೆ. ಕಲಾಮಂದಿರ ಯಾಕೆ? ಮೂರು ಕಡೆ ಜನ ಕೂತರೇನೇ ಸಾರಥಿಗೆ ಮಾತು ಹೊರಡುವುದು. ಕಾಲೇಜು ಅಂಗಳದಲ್ಲೇ ಮಾಡು, ಬಾಡಿಗೆಯೂ ಉಳಿಯುತ್ತದೆ. ಇನ್ನು ರಂಗನಟ ಬಳ್ಳಾರಿ ರಾಘವರ (1880–1946) ಹೆಸರು ತೆಗೆದೆಯಲ್ಲ, ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡಲಿ ಎಂದವರು ಅವರು. ನೀನು ಇನ್ನೊಂದು ಹೆಜ್ಜೆ ಮುಂದೆ ಹೋಗು. ದುರ್ಯೋಧನ ನೀನೇ ಆಗು.

ಸಿರುಗುಪ್ಪದ ಹುಡುಗಿ
ಅಕ್ಕಾ, ಇದನ್ನು ಹೇಳಿದ್ದಕ್ಕೆ ದೊಡ್ಡಪ್ಪ ಫೋನಲ್ಲೇ ನಕ್ಕರು. “ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಒಂದು ಪದ ಕುಣಿ, ಆಮೇಲೆ ಮಾತಾಡೋಣ” ಅಂದರು. ಬೇಡ ಅನ್ನಲಿಲ್ಲ! ಭತ್ತ ಮಾತ್ರ ಹಚ್ಚಿದ್ದಾರಂತೆ. ಮಾಸ್ತರೇ, ಹಿಮ್ಮೇಳದವರಿಗೆ ಏನು ಕೊಡಬೇಕು?

ಕೊಪ್ಪಳದ ಪೇಟಿ ಮಾಸ್ತರ್
ಬಸ್ ಚಾರ್ಜು, ಊಟ, ರಾತ್ರಿ ಉಳಿಯಲು ಜಾಗ. ಸಂಭಾವನೆ ಎಷ್ಟು ಅಂತ ಮೊದಲೇ ಮಾತಾಡಿಕೋ, ಆಟ ಮುಗಿದ ಮೇಲೆ ಚೌಕಾಸಿ ಬೇಡ. ಭತ್ತ ಹಚ್ಚಿದ್ದರೆ ಕೊಯ್ಲಿನ ವಾರ ಬಿಟ್ಟು ತಾರೀಖು ಹಾಕು. ತಾಲೀಮಿನ ವಿಡಿಯೋ ಮಾಡುವುದಿದ್ದರೆ ಊರಿನ ಮಾಸ್ತರನ್ನು ಕೇಳಿಯೇ ಮಾಡು.