ಕರಿಯ ಬಚ್ಚಲೊಲೆ ಬಿಟ್ಟು ಕೊಟ್ಟಿಗೆ ಹಿಂದೆ ಮಲಗ್ತಿದ್ದಾನೆ, ಕೊನೆಗಾಲವಾ?

ತೋಟದಮನೆ, ಹೊಸನಗರ:
ನಮ್ಮ ಕರಿಯನಿಗೆ 13 ವರ್ಷ, ನಾಟಿ ನಾಯಿ. ತೋಟಕ್ಕೆ ಮಂಗ ಬಂದ್ರೆ ನಮಗಿಂತ ಮೊದಲು ಅವನಿಗೇ ಗೊತ್ತಾಗ್ತಿತ್ತು. ಮಳೆಗಾಲ ಪೂರ್ತಿ ಬಚ್ಚಲೊಲೆ ಬಾಯಲ್ಲೇ ಮಲಗೋನು, ಎದ್ದರೆ ಮೈತುಂಬ ಬೂದಿ. ಹತ್ತು ದಿನದಿಂದ ಆ ಜಾಗ ಬಿಟ್ಟು ಕೊಟ್ಟಿಗೆ ಹಿಂದೆ ಸೊಪ್ಪಿನ ರಾಶಿ ಹತ್ರ ಒಬ್ಬನೇ ಮಲಗ್ತಾನೆ. ಮೊಸರನ್ನ ಮೂಸಿ ಮುಖ ತಿರುಗಿಸ್ತಾನೆ. ನೀರು ಮಾತ್ರ ಕುಡಿದದ್ದೇ ಕುಡಿದದ್ದು. ನಿನ್ನೆ ಮಂಗಗಳು ಎಳೆಗಾಯಿ ಉದುರಿಸ್ತಿದ್ವು, ತಲೆ ಎತ್ತಿ ನೋಡಿದ, ಬೊಗಳಲಿಲ್ಲ. ಅಪ್ಪ "ವಯಸ್ಸಾಯ್ತು, ಸುಮ್ನೆ ಬಿಡು" ಅಂತಾರೆ. ನನಗೆ ಬಿಡೋಕೆ ಆಗ್ತಿಲ್ಲ. ನೋವಿದ್ದರೂ ಅವನು ಕುಂಯ್ ಅನ್ನಲ್ಲ. ಹೇಗೆ ತಿಳ್ಕೊಳ್ಳೋದು?

ಸಾಗರದ ಅಕ್ಕ:
ಮೊದಲು ತುಟಿ ಎತ್ತಿ ಒಸಡು ನೋಡು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬಿಳಿಚಿಕೊಂಡಿದ್ದರೆ ಅವತ್ತೇ ಡಾಕ್ಟರ ಹತ್ರ ಹೋಗು. ನಮ್ಮನೆ ನಾಯಿ ಹೀಗೇ ಮಲಗಿದಾಗ ಎಲ್ಲರೂ ಮುಪ್ಪು ಅಂದ್ರು. ರಕ್ತ ಪರೀಕ್ಷೆ ಮಾಡಿಸಿದ್ರೆ ಉಣುಗಿನಿಂದ ಬಂದ ಜ್ವರ! ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ವಿ, ಆಮೇಲೆ ಎರಡು ವರ್ಷ ಬದುಕಿತು. ಮನೇಲಿರೋ ಪ್ಯಾರಾಸಿಟಮಾಲ್, ಬ್ರೂಫೆನ್ ಮಾತ್ರ ಕೊಡಬೇಡ, ನಾಯಿಗೆ ಅದು ವಿಷ.

ಹಳೇ ಕಾಂಪೌಂಡರ್, ತೀರ್ಥಹಳ್ಳಿ:
ತಮ್ಮಾ, ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ನಾಯಿ ನೋವನ್ನು ಬಾಯಿಬಿಟ್ಟು ಹೇಳೋದು ತೀರಾ ಕಡೆಗೆ. ಅದಕ್ಕೆ ಮೊದಲೇ ಜಾಗ ಬದಲಾಯಿಸುತ್ತೆ, ಮಲಗೋವಾಗ ಮಗ್ಗುಲು ಹುಡುಕುತ್ತಾ ಸುತ್ತುತ್ತೆ, ಒಂದೇ ಕೀಲು ನೆಕ್ಕುತ್ತೆ, ಚಳಿ ಮಳೆಯಲ್ಲೂ ತೇಕುತ್ತೆ. ನಿದ್ದೆ ಹೋದಾಗ ಗಡಿಯಾರ ಹಿಡಿದು ಉಸಿರು ಎಣಿಸು. ನಿಮಿಷಕ್ಕೆ ಮೂವತ್ತರ ಮೇಲೆ ಹೋಗ್ತಿದ್ದರೆ ಎದೆಯನ್ನೂ ನೋಡಿಸಬೇಕು. ಊಟ ಬಿಟ್ಟು ನೀರೇ ಕುಡೀತಿದ್ದು, ಬಾಯಿ ವಾಸನೆ ಬರ್ತಿದ್ದರೆ ನನಗೆ ಅನುಮಾನ ಕಿಡ್ನಿ ಮೇಲೆ. ಅದು ರಕ್ತ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಗಂಜಿಯನ್ನು ಬಾಯಿಗೆ ಒತ್ತಿ ಸುರೀಬೇಡ, ಶ್ವಾಸಕೋಶಕ್ಕೆ ಇಳಿಯುತ್ತೆ.

ಇನ್ನೊಂದು, ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಗುರುತು ಹಾಕು. ಬಾಲ ಆಡಿಸಿದ, ಎದ್ದು ಹೊರಗೆ ಹೋದ, ಏನಾದ್ರೂ ತಿಂದ ಅಂದ್ರೆ ಒಳ್ಳೆ ದಿನ. ಕೆಟ್ಟ ದಿನವೇ ಜಾಸ್ತಿಯಾದಾಗ, ನರಳದೆ ಜೀವ ಹೋಗೋ ಹಾಗೆ ಕೊಡೋ ಇಂಜೆಕ್ಷನ್ ವಿಷಯ ಡಾಕ್ಟರ ಹತ್ರ ಮಾತಾಡು. ಮೊದಲು ನಿದ್ದೆ ಬರಿಸ್ತಾರೆ, ಆಮೇಲೆ ಇನ್ನೊಂದು. ಕಣ್ಣು ತೆರೆದೇ ಇರುತ್ತೆ, ಉಚ್ಚೆ ಹೋಗಬಹುದು, ಹೆದರಬೇಡ. "ಸುಮ್ನೆ ಬಿಡು" ಅಂತ ಅಪ್ಪ ಅಂದದ್ದು ಪ್ರೀತಿಯಿಂದಲೇ. ಆದರೆ ಸುಮ್ಮನೆ ಬಿಟ್ಟ ನಾಯಿಗಳು ವಾರಗಟ್ಟಲೆ ನರಳಿದ್ದನ್ನು ನಾನು ನೋಡಿದ್ದೇನೆ.

ತೋಟದಮನೆ, ಹೊಸನಗರ:
ಒಸಡು ಬಿಳಿಚಿತ್ತು. ಜೀಪಲ್ಲಿ ಗೋಣಿ ಹಾಸಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋದೆ. ಉಣುಗಿನ ಜ್ವರ ಅಲ್ಲ, ಕಿಡ್ನಿಯೇ. ಎರಡೂ ಬಹಳ ಹಾಳಾಗಿವೆಯಂತೆ. ಡ್ರಿಪ್ ಹಾಕಿ ವಾಂತಿಗೆ ಔಷಧಿ ಕೊಟ್ರು. ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ನೇರವಾಗೇ ಹೇಳಿದ್ರು, ಅದು ಒಳ್ಳೇದಾಯ್ತು. ಕ್ಯಾಲೆಂಡರಲ್ಲಿ ಈ ವಾರ ಎರಡು ಒಳ್ಳೆ ದಿನ, ನಾಲ್ಕು ಕೆಟ್ಟ ದಿನ. ಗುರುತು ಹಾಕ್ತಿರೋದು ಅಪ್ಪನೇ. ಇವತ್ತು ಬೆಳಿಗ್ಗೆ ಅವರೇ ಕರಿಯನನ್ನು ಎತ್ತಿ ತಂದು ಬಚ್ಚಲೊಲೆ ಹತ್ರ ಕಂಬಳಿ ಹಾಸಿ ಮಲಗಿಸಿ, "ಡಾಕ್ಟರಿಗೆ ಫೋನ್ ಮಾಡು" ಅಂದ್ರು.